ಕೋಲಾರದ ಕೆರೆಗಳಲ್ಲಿ ನೀರಿನ ರೇಖೆ, ಉಪ್ಪಿನ ರೇಖೆ

ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆ, ಅಂದರೆ ಎಲ್ಲರ ಬಾಯಲ್ಲಿರುವ ಕೆ.ಸಿ. ವ್ಯಾಲಿ, 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂದಾಗಿನಿಂದಲೂ ವಾದವಿವಾದದ ನಡುವೆಯೇ ನಡೆದುಕೊಂಡು ಬಂದಿದೆ. ಆ ವರ್ಷದ ಜುಲೈನಲ್ಲಿ ಕೆರೆಯಲ್ಲಿ ನೊರೆ ಕಾಣಿಸಿಕೊಂಡಿತು. ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿ, 2019ರಲ್ಲಿ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ನೀರು ನಿಂತು ಮತ್ತೆ ಹರಿಯಿತು. ಹೆಬ್ಬಾಳ–ನಾಗವಾರ ಕಣಿವೆಯ ನೀರು ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಬಂದಾಗಲೂ ಇದೇ ಚರ್ಚೆ ಅಲ್ಲಿಗೆ ವಿಸ್ತರಿಸಿತು. ಒಂದು ಪಕ್ಷ ತುಂಬಿದ ಕೆರೆಯನ್ನೂ ಮರುಜೀವ ಪಡೆದ ಕೊಳವೆಬಾವಿಯನ್ನೂ ತೋರಿಸುತ್ತದೆ. ಇನ್ನೊಂದು ಪಕ್ಷ ನೊರೆಯನ್ನೂ ವಾಸನೆಯನ್ನೂ ತೋರಿಸಿ, ಮೂರನೇ ಹಂತದ ಶುದ್ಧೀಕರಣವಾಗದೆ ಒಂದು ಹನಿಯೂ ಬರಬಾರದು ಎನ್ನುತ್ತದೆ. ಎರಡೂ ಪಕ್ಷಗಳ ಕಳಕಳಿ ನಿಜವಾದುದು. ಆದರೆ ಎರಡೂ ಕಡೆಯವರು ಮುಂದಿಡುವುದು ಯಾವುದೋ ಒಂದು ದಿನ ಕಣ್ಣಿಗೆ ಕಂಡ ಸ್ಥಿತಿಯನ್ನು. ದಿನದಿಂದ ದಿನಕ್ಕೆ ಸೇರುತ್ತ ಹೋಗುವ ವಸ್ತುವಿನ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಅದು ಯಾವ ದರದಲ್ಲಿ ಸೇರುತ್ತಿದೆ ಎಂಬುದು. ಆ ದರವನ್ನು ಹಿಡಿಯಲು ಪ್ರೌಢಶಾಲೆಯಲ್ಲಿ ಕಲಿಸುವ ಸರಳರೇಖೆಯ ಸಮೀಕರಣವೇ ಬಹುದೂರದವರೆಗೆ ಸಾಕಾಗುತ್ತದೆ.

ಸಮೀಕರಣ ಇಷ್ಟೇ: ಯಾವುದೇ ದಿನದ ಸಂಗ್ರಹವೆಂದರೆ ಆರಂಭದ ಸಂಗ್ರಹಕ್ಕೆ, ದಿನವೊಂದರ ನಿವ್ವಳ ಏರಿಕೆಯನ್ನು ದಿನಗಳ ಸಂಖ್ಯೆಯಿಂದ ಗುಣಿಸಿ ಕೂಡಿಸಿದ ಮೊತ್ತ. ಆರಂಭದ ಸಂಗ್ರಹ ಸ್ಥಿರಾಂಕ. ನಿವ್ವಳ ಏರಿಕೆ ರೇಖೆಯ ಇಳಿಜಾರು. ನಿವ್ವಳ ಎಂಬ ಮಾತಿನಲ್ಲೇ ಇಡೀ ವಿಷಯ ಅಡಗಿದೆ, ಏಕೆಂದರೆ ಒಳಗೆ ಬರುವುದನ್ನು ಅಳೆಯುವುದು ಸುಲಭ, ಹೊರಗೆ ಹೋಗುವುದನ್ನು ಅಳೆಯುವುದು ಕಷ್ಟ. ಕೆ.ಸಿ. ವ್ಯಾಲಿ ಯೋಜನೆಯ ಮೊದಲ ಹಂತದ ಸಾಮರ್ಥ್ಯ ದಿನಕ್ಕೆ 44 ಕೋಟಿ ಲೀಟರ್ ಎಂಬುದು ಎಲ್ಲರಿಗೂ ಗೊತ್ತು. ಅದು ವರ್ಷವಿಡೀ ತಪ್ಪದೆ ಹರಿದರೆ ಸುಮಾರು 5.7 ಟಿಎಂಸಿ ಅಡಿಯಾಗುತ್ತದೆ ಎಂಬುದೂ ಗುಣಾಕಾರ ಬಲ್ಲವರಿಗೆ ತಿಳಿಯುತ್ತದೆ. ಅದರಲ್ಲಿ ಎಷ್ಟು ಆಕಾಶಕ್ಕೆ ಹೋಗುತ್ತದೆ, ಎಷ್ಟು ನೆಲಕ್ಕೆ ಇಳಿಯುತ್ತದೆ ಎಂಬುದು ಮಾತ್ರ ಸಭೆಗಳಲ್ಲಾಗಲಿ ಪತ್ರಿಕಾ ಹೇಳಿಕೆಗಳಲ್ಲಾಗಲಿ ಬರುವುದು ಅಪರೂಪ.

ಲೆಕ್ಕಕ್ಕೆಂದು ಒಂದು ಕೆರೆಯನ್ನು ಊಹಿಸಿಕೊಳ್ಳೋಣ. ನೀರು ಹರಡಿಕೊಳ್ಳುವ ಸರಾಸರಿ ವಿಸ್ತೀರ್ಣ 40 ಹೆಕ್ಟೇರ್, ಅಂದರೆ ಹೆಚ್ಚುಕಡಿಮೆ ನೂರು ಎಕರೆ. ಸರಾಸರಿ ಆಳ ಒಂದೂವರೆ ಮೀಟರ್. ಇದರ ತುಂಬು ಸಾಮರ್ಥ್ಯ 6,000 ಲಕ್ಷ ಲೀಟರ್. ಪೈಪಿನಿಂದ ದಿನಕ್ಕೆ 60 ಲಕ್ಷ ಲೀಟರ್ ಬರುತ್ತಿದೆ ಎನ್ನೋಣ. ಈ ಬಯಲುಸೀಮೆಯ ಬಿಸಿಲಿಗೆ ಕೆರೆಯ ಮೈಯಿಂದ ದಿನಕ್ಕೆ 5 ಮಿಲಿಮೀಟರ್ ನೀರು ಆವಿಯಾಗುತ್ತದೆಂದು ಹಿಡಿದರೆ ಆ ಬಾಬ್ತಿಗೆ ಹೋಗುವುದು 20 ಲಕ್ಷ ಲೀಟರ್. ಇನ್ನು ಇಂಗುವಿಕೆ. ಅಂತರ್ಜಲದ ಅಂದಾಜಿಗೆ ಕೇಂದ್ರ ಸರ್ಕಾರದ ಅಂತರ್ಜಲ ಅಂದಾಜು ಸಮಿತಿ 1997ರಲ್ಲಿ ಕೊಟ್ಟ ಸೂತ್ರದಲ್ಲಿ, ಕೆರೆಯಲ್ಲಿ ನೀರಿರುವಷ್ಟು ದಿನ, ನೀರು ಹರಡಿದ ಸರಾಸರಿ ವಿಸ್ತೀರ್ಣದ ಮೇಲೆ ದಿನಕ್ಕೆ 1.4 ಮಿಲಿಮೀಟರ್ ಇಂಗುತ್ತದೆ ಎಂದು ಲೆಕ್ಕ ಹಿಡಿಯಬಹುದೆಂದಿದೆ. ಗಮನಿಸಿ, ಆ ಸೂತ್ರವೂ ಒಂದು ಸರಳರೇಖೆಯೇ. ನಮ್ಮ ಕೆರೆಗೆ ಅದರ ಪ್ರಕಾರ ಬರುವುದು ದಿನಕ್ಕೆ 5.6 ಲಕ್ಷ ಲೀಟರ್. ಒಟ್ಟು ನಷ್ಟ 25.6 ಲಕ್ಷ, ನಿವ್ವಳ ಏರಿಕೆ 34.4 ಲಕ್ಷ. ಆರಂಭದಲ್ಲಿ 840 ಲಕ್ಷ ಲೀಟರ್ ಇದ್ದ ಕೆರೆ ಸರಿಯಾಗಿ 150 ದಿನಗಳಲ್ಲಿ ಕೋಡಿ ಮಟ್ಟಕ್ಕೆ ಬರುತ್ತದೆ.

ವಾಸ್ತವದಲ್ಲಿ ಈ ರೇಖೆ ಇಷ್ಟು ನೇರವಾಗಿರುವುದಿಲ್ಲ. ಆರಂಭದಲ್ಲಿ ನೀರು ಕೆರೆಯಂಗಳದ ತಗ್ಗಿನಲ್ಲಷ್ಟೇ ನಿಂತಿರುವುದರಿಂದ ಆವಿಯೂ ಇಂಗುವಿಕೆಯೂ ಕಡಿಮೆ, ಆದ್ದರಿಂದ ಏರಿಕೆ ವೇಗವಾಗಿರುತ್ತದೆ. ನೀರು ಹರಡಿದಂತೆಲ್ಲ ನಷ್ಟ ಹೆಚ್ಚಿ ರೇಖೆ ಬಾಗುತ್ತದೆ. ಮಾರ್ಚ್, ಏಪ್ರಿಲ್‌ನ ಆವಿ ಆಗಸ್ಟ್‌ನ ಆವಿಗಿಂತ ಬಹಳ ಹೆಚ್ಚು. ಹಾಗಿದ್ದರೂ ಒಂದೊಂದು ತಿಂಗಳನ್ನು ಬೇರೆಬೇರೆ ತೆಗೆದುಕೊಂಡು ತುಂಡುತುಂಡಾಗಿ ಸರಳರೇಖೆ ಎಳೆದರೆ ಕೆಲಸ ನಡೆಯುತ್ತದೆ. ನೀರಾವರಿ ಎಂಜಿನಿಯರುಗಳು ಮಾಡುವುದೂ ಅದನ್ನೇ.

ಈ ಮೊದಲ ಲೆಕ್ಕದಲ್ಲೇ ಎದ್ದು ಕಾಣುವ ಸಂಗತಿಯೊಂದಿದೆ. ಸರ್ಕಾರದ ಸೂತ್ರವನ್ನೇ ನಂಬುವುದಾದರೆ, ತುಂಬಿದ ಕೆರೆಯನ್ನು ತುಂಬಿದಂತೆಯೇ ಇಟ್ಟುಕೊಳ್ಳಲು ದಿನಕ್ಕೆ 25.6 ಲಕ್ಷ ಲೀಟರ್ ಬೇಕು, ಅದರಲ್ಲಿ ನೆಲಕ್ಕಿಳಿಯುವುದು 5.6 ಲಕ್ಷ ಲೀಟರ್ ಮಾತ್ರ. ಉಳಿದ ಮುಕ್ಕಾಲಿಗೂ ಹೆಚ್ಚಿನ ಪಾಲು ಆವಿಯಾಗಿ ಹೋಗುತ್ತದೆ. ಕುಡಿಯುವುದಕ್ಕೂ ನೇರ ನೀರಾವರಿಗೂ ಈ ನೀರನ್ನು ಬಳಸಬಾರದು, ಅಂತರ್ಜಲ ಮರುಪೂರಣವೇ ಗುರಿ ಎಂದು ಹೇಳುವ ಯೋಜನೆಯಲ್ಲಿ ಇದು ಸಣ್ಣ ಮಾತಲ್ಲ.

ಆದರೆ 1.4 ಎಂಬುದು ದೇಶಕ್ಕೆಲ್ಲ ಅನ್ವಯಿಸಲೆಂದು ಹಾಕಿಕೊಟ್ಟ ಸರಾಸರಿ. ಹೂಳೆತ್ತಿ, ಗರಸು ಮಣ್ಣು ಕಾಣುವಂತೆ ಅಗೆದ ಕೆರೆಯಲ್ಲಿ ಅದು ಹಲವು ಪಟ್ಟು ಹೆಚ್ಚಿರಬಹುದು. ಗೋಡು ಮಣ್ಣು ಗಟ್ಟಿಯಾಗಿ ಕೂತ ಕೆರೆಯಲ್ಲಿ ಅಷ್ಟೂ ಇಲ್ಲದಿರಬಹುದು. ಇದನ್ನು ತಿಳಿಯಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಮಳೆಯಿಲ್ಲದ ಹತ್ತು ದಿನ ಪೈಪಿನ ನೀರನ್ನು ನಿಲ್ಲಿಸಿ, ತೂಬು ಮುಚ್ಚಿ, ತೂಬಿನ ಕಂಬಕ್ಕೆ ಬರೆದ ಅಳತೆಗೋಲನ್ನು ಬೆಳಿಗ್ಗೆ ಒಂದೇ ಹೊತ್ತಿಗೆ ಓದಿ ಬರೆದಿಟ್ಟರೆ ಸಾಕು. ಹತ್ತು ದಿನಗಳಲ್ಲಿ ನೀರು 120 ಮಿಲಿಮೀಟರ್ ಇಳಿಯಿತು ಎನ್ನೋಣ, ದಿನಕ್ಕೆ 12. ಹವಾಮಾನ ಕೇಂದ್ರದ ತೆರೆದ ಪಾತ್ರೆಯಲ್ಲಿ ದಿನಕ್ಕೆ 7 ಮಿಲಿಮೀಟರ್ ಆವಿಯಾಗಿದ್ದರೆ, ಕೆರೆಯ ಆವಿ ಪಾತ್ರೆಯ ಆವಿಗಿಂತ ಕಡಿಮೆ ಇರುವುದರಿಂದ ರೂಢಿಯಂತೆ 0.7ರಿಂದ ಗುಣಿಸಿದಾಗ ಹತ್ತಿರಹತ್ತಿರ 5 ಬರುತ್ತದೆ. ಉಳಿದ 7 ಮಿಲಿಮೀಟರ್ ನೆಲಕ್ಕೆ ಇಂಗಿದ್ದು. ಇದು ಸೂತ್ರದ ಐದು ಪಟ್ಟು.

ಈಗ ಅದೇ ಕೆರೆಯ ರೇಖೆಯನ್ನು ಮತ್ತೆ ಎಳೆದು ನೋಡಿ. ಇಂಗುವಿಕೆ ದಿನಕ್ಕೆ 28 ಲಕ್ಷ ಲೀಟರ್, ಆವಿ 20 ಲಕ್ಷ, ಒಟ್ಟು ನಷ್ಟ 48 ಲಕ್ಷ. ನಿವ್ವಳ ಏರಿಕೆ 12 ಲಕ್ಷಕ್ಕೆ ಇಳಿಯುತ್ತದೆ, ಕೆರೆ ತುಂಬಲು 150ರ ಬದಲು 430 ದಿನ ಬೇಕಾಗುತ್ತದೆ. ಅಂತರ್ಜಲದ ದೃಷ್ಟಿಯಿಂದ ಐದು ಪಟ್ಟು ಉಪಕಾರ ಮಾಡುತ್ತಿರುವ ಕೆರೆಯೇ ತುಂಬಲು ಸುಮಾರು ಮೂರು ಪಟ್ಟು ಕಾಲ ತೆಗೆದುಕೊಳ್ಳುತ್ತದೆ. ಬಾಗಿನ ಅರ್ಪಿಸಲು ಬೇಗ ಸಿದ್ಧವಾಗುವುದು ಇಂಗಿಸದ ಕೆರೆ. ಯಾವ ಕೆರೆ ಎಷ್ಟು ಬೇಗ ತುಂಬಿತು ಎಂಬುದನ್ನೇ ಯಶಸ್ಸಿನ ಅಳತೆಯಾಗಿ ಹಿಡಿದರೆ, ಅಧಿಕಾರಿಗಳಿಗೂ ಜನಪ್ರತಿನಿಧಿಗಳಿಗೂ ಗೋಡು ತುಂಬಿದ ಕೆರೆಗಳೇ ಪ್ರಿಯವಾಗುವ ಅಪಾಯವಿದೆ ಎಂದು ನನಗೆ ತೋರುತ್ತದೆ.

ಇಂಗಿದ ನೀರು ಕೊಳವೆಬಾವಿಯ ಮಟ್ಟವನ್ನು ಎಷ್ಟು ಏರಿಸುತ್ತದೆ? ಅದಕ್ಕೂ ಸರಳರೇಖೆಯೇ. ಕೋಲಾರ, ಚಿಕ್ಕಬಳ್ಳಾಪುರದ ನೆಲ ಗ್ರಾನೈಟ್ ಮತ್ತು ನೈಸ್ ಕಲ್ಲಿನದು. ಶಿಥಿಲಗೊಂಡ ಇಂಥ ಕಲ್ಲಿನ ಪದರದಲ್ಲಿ ನೀರು ಹಿಡಿದು ಬಿಟ್ಟುಕೊಡುವ ಜಾಗ ಒಟ್ಟು ಗಾತ್ರದ ನೂರಕ್ಕೆ 3ರಷ್ಟು ಎಂದು ಅದೇ ಸಮಿತಿಯ ಮಾನದಂಡ ಹೇಳುತ್ತದೆ. ಜೇಡಿ ಹೆಚ್ಚಿದ್ದರೆ ಅದರರ್ಧ. ದಿನಕ್ಕೆ 5.6 ಲಕ್ಷ ಲೀಟರ್ ಇಂಗಿ ಕೆರೆಯ ಸುತ್ತಲಿನ 500 ಹೆಕ್ಟೇರಿಗೆ ಹರಡಿತು, ಯಾರೂ ಒಂದು ಹನಿಯನ್ನೂ ಮೇಲೆತ್ತಲಿಲ್ಲ ಎಂದುಕೊಂಡರೆ ನೀರಿನ ಮಟ್ಟ ವರ್ಷಕ್ಕೆ ಸುಮಾರು 1.4 ಮೀಟರ್ ಏರಬೇಕು. ಹಿಡಿದಿಡುವ ಜಾಗ ಇಷ್ಟು ಕಡಿಮೆ ಇರುವುದರಿಂದಲೇ ನಮ್ಮ ಭಾಗದಲ್ಲಿ ಒಂದು ಒಳ್ಳೆಯ ಮಳೆಗೆ ಮಟ್ಟ ಸರಸರನೆ ಏರುತ್ತದೆ, ಒಂದು ಬೇಸಿಗೆಗೆ ಅಷ್ಟೇ ಬೇಗ ಕುಸಿಯುತ್ತದೆ.

ಆದರೆ ನೀರೆತ್ತದೆ ಯಾರೂ ಸುಮ್ಮನಿರುವುದಿಲ್ಲ, ಇರಬೇಕೆಂದು ಹೇಳುವುದೂ ನ್ಯಾಯವಲ್ಲ. ಟೊಮೆಟೊ, ಹಿಪ್ಪುನೇರಳೆ, ಹೂವು, ಹೈನುಗಾರಿಕೆಯ ಮೇವು ಎಲ್ಲವೂ ಇಲ್ಲಿ ಕೊಳವೆಬಾವಿಯನ್ನೇ ನೆಚ್ಚಿವೆ. ಒಂದು ಕೊಳವೆಬಾವಿ ದಿನಕ್ಕೆ 50 ಸಾವಿರ ಲೀಟರ್ ಎತ್ತುತ್ತದೆ ಎಂದು ಇಟ್ಟುಕೊಳ್ಳಿ. ಕೆರೆಯಿಂದ ಇಂಗುವ 5.6 ಲಕ್ಷ ಲೀಟರನ್ನು ಹನ್ನೊಂದು ಕೊಳವೆಬಾವಿಗಳು ಹೆಚ್ಚುಕಡಿಮೆ ಪೂರ್ತಿ ಎತ್ತಿಬಿಡುತ್ತವೆ. ಹನ್ನೊಂದಾದಾಗ ರೇಖೆ ಮಲಗುತ್ತದೆ, ಹನ್ನೆರಡನೆಯದಕ್ಕೆ ಇಳಿಯತೊಡಗುತ್ತದೆ, ಇಪ್ಪತ್ತಾದರೆ ದಿನಕ್ಕೆ 4.4 ಲಕ್ಷ ಲೀಟರ್ ಕೊರತೆ. ಇಂಗುವಿಕೆ 7 ಮಿಲಿಮೀಟರ್ ಇದ್ದ ಕೆರೆಗಾದರೆ ಈ ಸಂಖ್ಯೆ 56. ಮಳೆಯ ಪಾಲನ್ನೂ, ಹೊಲಕ್ಕೆ ಹರಿಸಿದ ನೀರಿನಲ್ಲಿ ಮತ್ತೆ ಕೆಳಗಿಳಿಯುವ ಅಲ್ಪ ಭಾಗವನ್ನೂ ಸೇರಿಸಿದರೆ ಸಂಖ್ಯೆಗಳು ಸ್ವಲ್ಪ ಸಡಿಲವಾಗುತ್ತವೆ, ಸ್ವರೂಪ ಬದಲಾಗುವುದಿಲ್ಲ. ಕೆರೆಯಲ್ಲಿ ನೀರು ಕಂಡ ಮೇಲೆ ಸುತ್ತಮುತ್ತ ಹೊಸ ಕೊಳವೆಬಾವಿ ಕೊರೆಸುವುದು, ಒಂದು ಬೆಳೆಯ ಜಾಗದಲ್ಲಿ ಎರಡು ಬೆಳೆ ಇಡುವುದು ಸಹಜ. ವರ್ಷಗಟ್ಟಲೆ ಬತ್ತಿದ ಬಾವಿಗಳಿಗೆ ಸಾಲ ಸುರಿದ ರೈತ ಬೇರೇನು ಮಾಡಿಯಾನು? ಕೋಲಾರ ಜಿಲ್ಲೆಯ ತಾಲ್ಲೂಕುಗಳು ಹಲವು ವರ್ಷಗಳಿಂದ, ವರ್ಷದ ಮರುಪೂರಣಕ್ಕಿಂತ ಹೆಚ್ಚು ನೀರೆತ್ತುವ ‘ಅತಿಬಳಕೆ’ಯ ವರ್ಗದಲ್ಲಿವೆ. ಹೀಗಿರುವಾಗ, ಯೋಜನೆಯ ನೀರು ಹೆಚ್ಚಿದ ಮಾತ್ರಕ್ಕೆ ಅಂತರ್ಜಲದ ರೇಖೆ ಮೇಲ್ಮುಖವಾಗುತ್ತದೆಂಬ ಖಾತರಿಯಿಲ್ಲ. ಪ್ರತಿ ಕೆರೆಯ ಸುತ್ತಲಿನ ಕೊಳವೆಬಾವಿಗಳ ಎಣಿಕೆ ಆ ಕೆರೆಗೆ ಬಿಡುವ ನೀರಿನಷ್ಟೇ ಮುಖ್ಯವಾದ ಅಂಕಿ.

ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂದಿರುವುದನ್ನು ಕಣ್ಣಾರೆ ಕಂಡವರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ. ಅವರ ಅನುಭವವನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಏರಿಕೆಯಲ್ಲಿ ಪೈಪಿನ ಪಾಲೆಷ್ಟು, ಮಳೆಯ ಪಾಲೆಷ್ಟು ಎಂಬುದನ್ನು ಬಿಡಿಸಲೇಬೇಕು. 2021ರ ನವೆಂಬರ್‌ನ ಮಳೆಗೆ ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಕೆರೆಗಳು ಬಹಳ ಕಾಲದ ನಂತರ ಕೋಡಿ ಹರಿದವು. 2018ರ ಅಳತೆಯನ್ನೂ 2022ರ ಅಳತೆಯನ್ನೂ ಪಕ್ಕಪಕ್ಕ ಇಟ್ಟರೆ ಆ ಮಳೆಯ ಶ್ರೇಯಸ್ಸೂ ಯೋಜನೆಯ ಖಾತೆಗೆ ಸೇರಿಬಿಡುತ್ತದೆ. ಜಿಲ್ಲೆಯ ವಿಸ್ತೀರ್ಣ ಸುಮಾರು 4,000 ಚದರ ಕಿಲೋಮೀಟರ್, 5.7 ಟಿಎಂಸಿ ಅಡಿ ನೀರನ್ನು ಅಷ್ಟೂ ನೆಲದ ಮೇಲೆ ಸಮನಾಗಿ ಹರಡಿದರೆ 40 ಮಿಲಿಮೀಟರ್ ಎತ್ತರ ನಿಲ್ಲುತ್ತದೆ. ವಾರ್ಷಿಕ ಮಳೆ 700 ಮಿಲಿಮೀಟರಿನ ಆಸುಪಾಸು. ಅದರಲ್ಲಿ ನೂರಕ್ಕೆ ಹನ್ನೊಂದರಷ್ಟು ನೆಲಕ್ಕಿಳಿಯುತ್ತದೆಂಬ ಮಾನದಂಡವನ್ನು ಒಪ್ಪಿದರೆ 77 ಮಿಲಿಮೀಟರ್. ಒಂದು ವರ್ಷದ ಮಳೆಯ ಏರುಪೇರು ಪೈಪಿನ ಇಡೀ ಕೊಡುಗೆಯನ್ನು ನುಂಗಿಹಾಕಬಲ್ಲದು. ಬಿಡಿಸುವ ದಾರಿ ಕಠಿಣವೇನಲ್ಲ: ಒಂದೇ ಹೋಬಳಿಯಲ್ಲಿ ಪೈಪಿನ ನೀರು ಬರುವ ಕೆರೆಯೊಂದು, ಬಾರದ ಕೆರೆಯೊಂದು, ಎರಡರ ಸುತ್ತಲೂ ವೀಕ್ಷಣಾ ಬಾವಿಗಳು. ಮಳೆ ಎರಡಕ್ಕೂ ಸಮ. ಮೊದಲನೆಯ ರೇಖೆಯ ಇಳಿಜಾರಿನಿಂದ ಎರಡನೆಯದನ್ನು ಕಳೆದರೆ ಉಳಿಯುವುದು ಯೋಜನೆಯ ಫಲ. ಮೂರ್ನಾಲ್ಕು ವರ್ಷಗಳ ತಿಂಗಳವಾರು ಅಳತೆ ಕೈಯಲ್ಲಿದ್ದರೆ ಈ ವ್ಯವಕಲನದ ಮುಂದೆ ಯಾರ ಭಾಷಣವೂ ನಿಲ್ಲುವುದಿಲ್ಲ.

ಇಷ್ಟು ನೀರಿನ ಮಾತಾಯಿತು. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ರೇಖೆ, ಕರಗಿದ ಉಪ್ಪಿನದು. ಉಪ್ಪು ಎಂದರೆ ಅಡುಗೆ ಉಪ್ಪಷ್ಟೇ ಅಲ್ಲ. ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಕ್ಲೋರೈಡ್, ಸಲ್ಫೇಟ್, ಬೈಕಾರ್ಬೊನೇಟ್ ಎಲ್ಲವೂ ಸೇರಿದ ಕರಗಿದ ಲವಣಾಂಶ. ಇದು ವಿಷವಲ್ಲ, ಎಲ್ಲ ನೀರಿನಲ್ಲೂ ಇರುವಂಥದ್ದೇ. ಎರಡನೇ ಹಂತದ ಸಂಸ್ಕರಣೆ ಕೊಳೆಯುವ ಸಾವಯವ ವಸ್ತುವನ್ನೂ ತೇಲುವ ಕಣಗಳನ್ನೂ ತೆಗೆಯುತ್ತದೆ, ಕರಗಿದ ಉಪ್ಪನ್ನು ಮುಟ್ಟುವುದಿಲ್ಲ. ಮೂರನೇ ಹಂತವೆಂದು ಸಾಮಾನ್ಯವಾಗಿ ಅಳವಡಿಸುವ ಮರಳು ಸೋಸುವಿಕೆ, ಕ್ಲೋರಿನ್, ಪೋಷಕಾಂಶ ತೆಗೆಯುವ ವಿಧಾನಗಳೂ ಅದನ್ನು ತೆಗೆಯಲಾರವು. ಅದಕ್ಕೆ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿರುವಂಥ ಆರ್‌ಒ ಬೇಕು, 44 ಕೋಟಿ ಲೀಟರಿಗೆ ಅದನ್ನು ಮಾಡುವುದು ದುಬಾರಿಯೂ ಹೌದು, ತ್ಯಾಜ್ಯ ಉಪ್ಪುನೀರಿನ ಹೊಸ ಸಮಸ್ಯೆಯೂ ಹೌದು. ಮೂರನೇ ಹಂತದ ಬೇಡಿಕೆ ರೋಗಾಣು ಮತ್ತು ಪೋಷಕಾಂಶಗಳ ದೃಷ್ಟಿಯಿಂದ ಸಂಪೂರ್ಣ ನ್ಯಾಯವಾದುದು. ಅದು ಈಡೇರಿದರೂ ಉಪ್ಪಿನ ಪ್ರಶ್ನೆ ಹಾಗೆಯೇ ಉಳಿಯುತ್ತದೆ ಎಂಬುದನ್ನು ಹೋರಾಟಗಾರರೂ ತಿಳಿದಿರಬೇಕು.

ಪೈಪಿನ ನೀರಿನಲ್ಲಿ ಕರಗಿದ ಉಪ್ಪು ಲೀಟರಿಗೆ 500 ಮಿಲಿಗ್ರಾಂ ಎಂದು ಲೆಕ್ಕಕ್ಕಾಗಿ ಹಿಡಿಯೋಣ. 44 ಕೋಟಿ ಲೀಟರಿನೊಂದಿಗೆ ದಿನಕ್ಕೆ 220 ಟನ್ ಉಪ್ಪು ಬರುತ್ತದೆ, ವರ್ಷಕ್ಕೆ 80 ಸಾವಿರ ಟನ್. ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಆದ್ದರಿಂದ ಕೆರೆಯ ನೀರಿನ ರೇಖೆ ಕೋಡಿ ಮಟ್ಟಕ್ಕೆ ಬಂದು ಮಲಗಿದ ನಂತರವೂ ಉಪ್ಪಿನ ರೇಖೆ ಏರುತ್ತಲೇ ಇರುತ್ತದೆ.

ಎಲ್ಲಿಯವರೆಗೆ ಏರುತ್ತದೆ ಎಂಬುದು, ಒಂದರ ಕೋಡಿ ನೀರು ಮುಂದಿನದಕ್ಕೆ ಹರಿಯುವ ಕೆರೆಗಳ ಸರಣಿಯಲ್ಲಿ ಆ ಕೆರೆ ಎಲ್ಲಿದೆ ಎಂಬುದನ್ನು ಅವಲಂಬಿಸಿದೆ. ಸರಣಿಯ ಮೇಲಿನ ಕೆರೆಗೆ ದಿನಕ್ಕೆ 60 ಲಕ್ಷ ಲೀಟರ್ ಬಂದು, 20 ಲಕ್ಷ ಆವಿಯಾಗಿ, ಉಳಿದ 40 ಲಕ್ಷ ಇಂಗುವಿಕೆಯಲ್ಲೂ ಕೋಡಿಯಲ್ಲೂ ಹೊರಹೋಗುತ್ತಿದ್ದರೆ, 60 ಲಕ್ಷ ಲೀಟರಿನ ಉಪ್ಪನ್ನು 40 ಲಕ್ಷ ಲೀಟರ್ ಹೊತ್ತು ಹೋಗಬೇಕು. ಹಾಗಾಗಿ ಸಾಂದ್ರತೆ 750ಕ್ಕೆ ಬಂದು ನಿಲ್ಲುತ್ತದೆ. ಅದು ಸಹನೀಯ. ಕೋಡಿ ಹರಿಯದ ಕೊನೆಯ ಕೆರೆಯ ಕಥೆ ಬೇರೆ. ಅಲ್ಲಿ ಒಳಬರುವ 25.6 ಲಕ್ಷ ಲೀಟರಿನ ಉಪ್ಪೆಲ್ಲ ಇಂಗುವ 5.6 ಲಕ್ಷ ಲೀಟರಿನ ಮೂಲಕವೇ ಹೊರಹೋಗಬೇಕು. ಒಳಬರುವ ನೀರು 500 ಇದ್ದರೂ ಕೆರೆಯ ನೀರು ಏರುತ್ತ ಏರುತ್ತ 2,286ರ ಕಡೆಗೆ ಸಾಗುತ್ತದೆ. ಮೇಲಿನ ಕೆರೆಯಿಂದ 750ರ ನೀರು ಬಂದರೆ ಇನ್ನೂ ಮೇಲೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ಒಪ್ಪುವ ಮಿತಿ 500, ಬೇರೆ ಮೂಲವಿಲ್ಲದಿದ್ದಾಗ ಸಹಿಸಬಹುದಾದ ಗರಿಷ್ಠ ಮಿತಿ 2,000. ಈ ಏರಿಕೆ ಮೊದಲ ತಿಂಗಳುಗಳಲ್ಲಿ ಬಹುತೇಕ ಸರಳರೇಖೆಯಂತಿದ್ದು ಬಳಿಕ ಬಾಗುತ್ತದೆ, 2,286ರ ಹತ್ತಿರ ಹೋಗಲು ವರ್ಷಗಳೇ ಹಿಡಿಯುತ್ತವೆ. ಮುಂಗಾರು ಪ್ರತಿವರ್ಷ ಅದನ್ನು ಸ್ವಲ್ಪ ತೆಳುಗೊಳಿಸುತ್ತದೆ, 2021ರಂಥ ಮಳೆ ಬಂದರೆ ಪಾಲಾರ್, ದಕ್ಷಿಣ ಪಿನಾಕಿನಿಗಳ ದಾರಿಯಲ್ಲಿ ಬಹುಭಾಗ ತೊಳೆದೂ ಹೋಗುತ್ತದೆ. ಅಂಥ ಮಳೆ ಬಾರದ ವರ್ಷಗಳ ಸಾಲೇ ಚಿಂತೆಗೆ ಕಾರಣ.

ಇಂಗಿ ಹೊರಹೋದ ಉಪ್ಪು ಮಾಯವಾಗುವುದೂ ಇಲ್ಲ. ಅದು ಅಂತರ್ಜಲಕ್ಕೆ ಸೇರಿ, ಕೊಳವೆಬಾವಿಯಿಂದ ಮೇಲೆ ಬಂದು, ಹನಿ ನೀರಾವರಿಯ ಪೈಪಿನಿಂದ ಬೇರಿನ ಬುಡಕ್ಕೆ ಬೀಳುತ್ತದೆ. ಗಿಡ ನೀರನ್ನು ಹೀರಿ ಉಪ್ಪನ್ನು ಮಣ್ಣಿನಲ್ಲಿ ಬಿಡುತ್ತದೆ. ನದಿಯಾಗಿ ಹೊರಹರಿಯದ ಸೀಮೆಯಲ್ಲಿ ಈ ಚಕ್ರ ತಿರುಗಿದಷ್ಟೂ ಮಣ್ಣು ಮತ್ತು ಅಂತರ್ಜಲ ಎರಡನ್ನೂ ಸೇರಿಸಿದ ಒಟ್ಟು ಉಪ್ಪು ನಿಜವಾಗಿಯೂ ಸರಳರೇಖೆಯಂತೆಯೇ ಏರುತ್ತದೆ. ನ್ಯಾಯವಾಗಿ ಇನ್ನೊಂದು ಮಗ್ಗುಲನ್ನೂ ಹೇಳಬೇಕು: ಸಾವಿರ ಅಡಿಗೂ ಆಳದ ಕೊಳವೆಬಾವಿಗಳ ಫ್ಲೋರೈಡ್ ಭರಿತ ನೀರಿಗಿಂತ, ಮೇಲಿನ ಪದರದಲ್ಲಿ ಹೊಸದಾಗಿ ಇಂಗಿದ ನೀರು ಆ ಒಂದು ದೋಷದ ಮಟ್ಟಿಗೆ ಉತ್ತಮವಾಗಿರಬಹುದು.

ಈ ಎರಡು ರೇಖೆಗಳನ್ನು ಒಟ್ಟಿಗೆ ಇಟ್ಟಾಗ ಇಂಗುವಿಕೆಯ ದರವೇ ಎಲ್ಲದರ ಕೀಲಿಕೈ ಎಂಬುದು ಸ್ಪಷ್ಟವಾಗುತ್ತದೆ. ದಿನಕ್ಕೆ 1.4 ಮಿಲಿಮೀಟರ್ ಇಂಗುವ ಕೊನೆಯ ಕೆರೆಯ ಸಾಂದ್ರತೆ 2,286ರತ್ತ ಸಾಗಿದರೆ, 7 ಮಿಲಿಮೀಟರ್ ಇಂಗುವ ಕೆರೆಯದು 857ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದು ಕೊಳವೆಬಾವಿಗಳಿಗೂ ಐದು ಪಟ್ಟು ನೀರು ಕೊಡುತ್ತದೆ. ಎತ್ತಿನಹೊಳೆಯ ನೀರು ಈ ಜಿಲ್ಲೆಗಳ ಕೆರೆಗಳಿಗೆ ತಲುಪುವ ದಿನ ಬಂದರೆ, ಘಟ್ಟದ ಮಳೆನೀರಿನಲ್ಲಿ ಉಪ್ಪು ಬಹಳ ಕಡಿಮೆ ಇರುವುದರಿಂದ ಮಿಶ್ರಣದ ಸಾಂದ್ರತೆ ತಗ್ಗುತ್ತದೆ. ಲೀಟರಿಗೆ 500 ಮತ್ತು 100 ಮಿಲಿಗ್ರಾಂನ ನೀರು ಸಮಪಾಲು ಸೇರಿದರೆ 300. ಅಲ್ಲಿಯವರೆಗೆ ಕೈಯಲ್ಲಿರುವ ಉಪಾಯ ಕೆರೆಯಂಗಳವನ್ನು ಇಂಗುವಂತೆ ಇಟ್ಟುಕೊಳ್ಳುವುದು.

ಅದರಲ್ಲಿಯೇ ಒಂದು ತೊಡಕಿದೆ. ಹಿಂದೆ ಬೇಸಿಗೆಯಲ್ಲಿ ಕೆರೆ ಬತ್ತುತ್ತಿತ್ತು, ಊರಿನವರು ಗೋಡು ಮಣ್ಣನ್ನು ಗಾಡಿಯಲ್ಲಿ ತುಂಬಿ ಹೊಲಕ್ಕೆ ಸಾಗಿಸುತ್ತಿದ್ದರು, ಅಂಗಳ ಬಿರುಕು ಬಿಟ್ಟು ಮುಂದಿನ ಮಳೆಯನ್ನು ಕುಡಿಯುತ್ತಿತ್ತು. ವರ್ಷದ ಹನ್ನೆರಡು ತಿಂಗಳೂ ನೀರು ನಿಂತ ಕೆರೆಯಲ್ಲಿ ಇದು ಸಾಧ್ಯವಿಲ್ಲ. ಸಂಸ್ಕರಿತ ನೀರಿನ ಸಾರಜನಕ, ರಂಜಕಗಳಿಂದ ಪಾಚಿ ಬೆಳೆದು ಸತ್ತು ತಳ ಸೇರುತ್ತದೆ, ನುಣ್ಣನೆಯ ಪದರ ಕಟ್ಟುತ್ತದೆ, ಇಂಗುವ ದರ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಆದ್ದರಿಂದ ಪ್ರತಿ ಸರಣಿಯಲ್ಲೂ ಸರದಿಯಂತೆ ಕೆಲವು ಕೆರೆಗಳಿಗೆ ಒಂದು ಬೇಸಿಗೆ ನೀರು ನಿಲ್ಲಿಸಿ, ಒಣಗಿಸಿ, ಹೂಳೆತ್ತಿ, ಮತ್ತೆ ತುಂಬಿಸುವ ವ್ಯವಸ್ಥೆ ಯೋಜನೆಯ ಭಾಗವಾಗಬೇಕು. ನೀರು ನಿಲ್ಲಿಸಿದ ಮೊದಲ ಹತ್ತು ದಿನಗಳ ಅಳತೆಯಿಂದ ಆ ಕೆರೆಯ ಇಂಗುವಿಕೆಯ ದರವೂ ಸಿಗುತ್ತದೆ. ಅದೇ ಹತ್ತು ದಿನಗಳಲ್ಲಿ ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಕಳಿಸಿದರೆ ಉಪ್ಪಿನ ಅಂಕಿಯೂ ಸಿಗುತ್ತದೆ. ಈ ಎರಡು ಅಂಕಿಗಳನ್ನು, ಸುತ್ತಲಿನ ಕೊಳವೆಬಾವಿಗಳ ಎಣಿಕೆಯೊಂದಿಗೆ, ಆಯಾ ಗ್ರಾಮ ಪಂಚಾಯಿತಿಯ ಫಲಕದಲ್ಲಿ ವರ್ಷವಾರು ಬರೆಯಿಸುವಂತೆ ಗ್ರಾಮಸಭೆಗಳು ಸಣ್ಣ ನೀರಾವರಿ ಇಲಾಖೆಯನ್ನು ಒತ್ತಾಯಿಸಬೇಕು, ಸರಣಿಯ ಕೊನೆಯ ಕೆರೆಗಳಿಂದಲೇ ಇದು ಆರಂಭವಾಗಬೇಕು.